ಹಳೆ ಆಟಕ್ಕೆ ಪಂದ್ಯಾಟ: ಟ್ರೋಫಿ ಆಮೇಲೆ, ಅಂಗಳ ಮೊದಲು

ಗಡಿನಾಡು ಕಾಸರಗೋಡಿನ ಯಾವ ಮೂಲೆಗೆ ಹೋದರೂ ಒಂದು ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬಿನ ಬೋರ್ಡು ಕಾಣಸಿಗುತ್ತದೆ. ಮಳೆ ಕಳೆದು ಗದ್ದೆ ಒಣಗಿದರೆ ಸಾಕು, ಹೊನಲು ಬೆಳಕಿನ ಕಬಡ್ಡಿ, ಅಂಡರ್ ಆರ್ಮ್ ಕ್ರಿಕೆಟ್, ಸೆವೆನ್ಸ್ ಫುಟ್ಬಾಲ್, ಹಗ್ಗಜಗ್ಗಾಟ ಎಂದು ರಸ್ತೆ ಬದಿಯಲ್ಲಿ ಬ್ಯಾನರುಗಳು ಏಳುತ್ತವೆ. ಆದರೆ ಇದೇ ಕ್ಲಬ್ಬಿನ ಹುಡುಗರು ರಾತ್ರಿ ಮನೆಗೆ ಹೋಗಿ ಕದ ಹಾಕಿಕೊಂಡು ಆಡುವ ಆಟಕ್ಕೆ ಊರಿನಲ್ಲಿ ಅಂಗಳವೇ ಇಲ್ಲ. ವಿಡಿಯೋ ಗೇಮಿಗೂ ಒಂದು ಪಂದ್ಯಾಟ ಮಾಡುವ ಎಂದು ಯಾರಾದರೂ ಕಮಿಟಿಯಲ್ಲಿ ಬಾಯಿ ಬಿಟ್ಟರೆ ಎರಡು ಪ್ರಶ್ನೆ ಖಂಡಿತ. ಒಂದು, "ಬಹುಮಾನ ಎಷ್ಟು ಇಡುವುದು?" ಇನ್ನೊಂದು, "ಈಗ ಓಡುತ್ತಿರುವ ಹೊಸ ಗೇಮು ಯಾವುದು?"

ಎರಡೂ ಪ್ರಶ್ನೆ ತಪ್ಪು. ಹಾಗೆ ಹೇಳಲು ಆಧಾರ ಉಂಟು. ಕಾಲು ಶತಮಾನ ದಾಟಿದ ಒಂದು ಕಂಪ್ಯೂಟರ್ ಆಟ, ತನ್ನನ್ನು ಹುಟ್ಟಿಸಿದ ಕಂಪೆನಿಯೇ ಬಾಗಿಲು ಹಾಕಿದ ಮೇಲೂ, ಇವತ್ತಿಗೂ ಜಗತ್ತಿನಾದ್ಯಂತ ಪಂದ್ಯಾಟಗಳಲ್ಲಿ ಬದುಕಿದೆ. ಅದನ್ನು ಬದುಕಿಸಿದ್ದು ದುಡ್ಡಲ್ಲ. ದುಡ್ಡು ಬಂದದ್ದು ಎಷ್ಟೋ ವರ್ಷಗಳ ನಂತರ.

1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಎನ್ಸೆಂಬಲ್ ಸ್ಟುಡಿಯೋಸ್ ತಯಾರಿಸಿ ಮೈಕ್ರೋಸಾಫ್ಟ್ ಹೊರತಂದ 'ಏಜ್ ಆಫ್ ಎಂಪೈರ್ಸ್ 2' ಆ ಆಟ. ನಾಲ್ಕಾರು ಹಳ್ಳಿಗರನ್ನು ಇಟ್ಟುಕೊಂಡು ಶುರು ಮಾಡಬೇಕು. ಕುರಿ ಹಿಡಿಯಬೇಕು, ಮರ ಕಡಿಯಬೇಕು, ಗದ್ದೆ ಮಾಡಬೇಕು, ಚಿನ್ನ ತೋಡಬೇಕು. ಆಮೇಲೆ ಸೈನ್ಯ, ಕೋಟೆ, ಯುದ್ಧ. ಬೇಸಾಯ ಕೆಟ್ಟವನಿಗೆ ಯುದ್ಧವೂ ಕೆಟ್ಟಿತೆಂದೇ ಲೆಕ್ಕ. ಆ ಕಾಲಕ್ಕೆ ಇದು ಓಡಲು ಬೇಕಾಗಿದ್ದದ್ದು 166 ಮೆಗಾಹರ್ಟ್ಸ್‌ನ ಪೆಂಟಿಯಂ, 32 ಎಂಬಿ ಮೆಮೊರಿ, ಅಷ್ಟೇ. ಹಾಗಾಗಿ ಭಾರತದ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಇದು ಕಾಡ್ಗಿಚ್ಚಿನಂತೆ ಹಬ್ಬಿತು. ಇವತ್ತು ನಲವತ್ತರ ಆಸುಪಾಸಿನಲ್ಲಿರುವ, ಹೊರಗೆ ಹೋಗಿ ಓದಿ ಬಂದ ಎಷ್ಟೋ ಮಂದಿಗೆ ಇದರ ಹೆಸರು ಹೇಳಿದರೆ ಮುಖ ಅರಳುತ್ತದೆ. (ಆಗ ಕೈಯಿಂದ ಕೈಗೆ ಹೋಗುತ್ತಿದ್ದ ಸಿಡಿ ಹೆಚ್ಚಾಗಿ ಕಳ್ಳ ಸಿಡಿ ಎಂಬುದನ್ನು ಇಲ್ಲಿ ಮುಚ್ಚಿಡುವುದು ಬೇಡ.)

2006ರಲ್ಲಿ ಈ ಆಟವನ್ನು ಇಂಟರ್‌ನೆಟ್ಟಿನಲ್ಲಿ ಆಡಲು ಇದ್ದ ಮೈಕ್ರೋಸಾಫ್ಟಿನ ಜಾಲ ನಿಂತಿತು. 2009ರ ಜನವರಿಯಲ್ಲಿ ಎನ್ಸೆಂಬಲ್ ಸ್ಟುಡಿಯೋವೇ ಮುಚ್ಚಿತು. ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ ಆಟದ ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಆಡುವವರು ಬಿಡಬೇಕಲ್ಲ! ಅವರು ವೂಬ್ಲಿ ಎಂಬ ಬೇರೆ ಜಾಲ ಸೇರಿಕೊಂಡರು. ಹೊಸ ಕಂಪ್ಯೂಟರಿನ ಅಗಲ ಪರದೆಗೆ ಹಳೆ ಆಟ ಹೊಂದುವುದಿಲ್ಲ ಎಂದಾಗ 'ಯೂಸರ್‌ಪ್ಯಾಚ್' ಎಂಬ ರಿಪೇರಿಯನ್ನು ಅಭಿಮಾನಿಗಳೇ ಬರೆದು ಹಂಚಿದರು. ಬೆಲ್ಜಿಯಂನ ಬರ್ಟ್ ಬೀಕ್‌ಮ್ಯಾನ್ ಮತ್ತು ಅವರ ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಫಾರ್ಗಾಟನ್ ಎಂಪೈರ್ಸ್' ಎಂಬ ಮಾಡ್ ತಯಾರಿಸಿದರು. ಮಾಡ್ ಎಂದರೆ ಬೇರೇನಲ್ಲ, ಕಂಪೆನಿ ಮಾಡಿದ ಆಟವನ್ನು ಆಡುವವರೇ ಬಿಚ್ಚಿ, ಸೇರಿಸಿ, ತಿದ್ದಿ ಹೊಸದು ಮಾಡುವುದು. ಹಳೆ ಮನೆಗೆ ಚಾವಡಿ ಇಳಿಸಿದ ಹಾಗೆ. ಇಟಾಲಿಯನ್ನರು, ಇಂಕಾಗಳು, ಸ್ಲಾವರು, ಮಗ್ಯಾರರು, ಭಾರತೀಯರು ಎಂದು ಐದು ಹೊಸ ನಾಗರಿಕತೆಗಳನ್ನು ಅವರು ಸೇರಿಸಿದರು. ಯಾರೂ ಸಂಬಳ ಕೊಟ್ಟಿರಲಿಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ಈ ಆಟವನ್ನು ಹೊಸ ಪರದೆಗಳಿಗಾಗಿ ಮತ್ತೆ ಹೊರತಂದಿತು. ಅದೇ ವರ್ಷದ ನವೆಂಬರಿನಲ್ಲಿ ಹವ್ಯಾಸಿಗಳ ಆ ಮಾಡ್ ಅಧಿಕೃತ ಭಾಗವಾಗಿ ಮಾರಾಟಕ್ಕೇ ಬಂತು. 2019ರ ನವೆಂಬರಿನಲ್ಲಿ ಬಂದ 'ಡೆಫಿನಿಟಿವ್ ಎಡಿಷನ್' ತಯಾರಿಯಲ್ಲೂ ಅದೇ ತಂಡದ ಕೈ ಇತ್ತು.

2022ರ ಏಪ್ರಿಲಿನಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ಕಂತಿನಲ್ಲಿ ಅದುವರೆಗೆ ಒಂದೇ ಆಗಿದ್ದ 'ಭಾರತೀಯರು' ನಾಲ್ಕಾದರು: ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ. ದ್ರಾವಿಡರ ವಿಶೇಷ ಯೋಧ ಯಾರು ಗೊತ್ತೇ? ಉರುಮಿ ಬೀಸುವವನು. ಕಳರಿಯಲ್ಲಿ ಸೊಂಟಕ್ಕೆ ಸುತ್ತಿಕೊಳ್ಳುವ ಆ ಬಳುಕುವ ಕತ್ತಿ ಮಲಬಾರಿನವರಿಗೆ ಹೊಸದಲ್ಲ. ನಾರ್ವೆಯ ಹುಡುಗನೊಬ್ಬ ತನ್ನ ಮನೆಯಲ್ಲಿ ಕೂತು ಉರುಮಿಯವರನ್ನು ಕರೆಸಿ ಕೆನಡಾದವನ ಕೋಟೆಗೆ ನುಗ್ಗಿಸುತ್ತಾನೆ. ಕಳರಿ ಇರುವ ನಾಡಿನಲ್ಲಿ ಮಾತ್ರ ಇದಕ್ಕೊಂದು ಪಂದ್ಯಾಟವಿಲ್ಲ ಎಂಬುದು ವಿಪರ್ಯಾಸ.

ಮಾತುಗಾರ ಕಟ್ಟಿದ ಆಟ

ಇನ್ನು ಪಂದ್ಯಾಟಗಳ ವಿಚಾರ. ಆಟ ಉಳಿದದ್ದು ಮಾಡ್ ಮಾಡಿದವರಿಂದ ಹೌದು, ಆದರೆ ಬೆಳೆದದ್ದು ವೀಕ್ಷಕ ವಿವರಣೆ ಕೊಡುವವರಿಂದ. ಅಮೆರಿಕದ 'ಟಿ90 ಅಫೀಶಿಯಲ್' ಎಂಬ ವಿವರಣೆಗಾರ 2018ರಲ್ಲಿ 'ಹಿಡನ್ ಕಪ್' ಎಂಬ ಪಂದ್ಯಾಟ ಶುರು ಮಾಡಿದರು. ಅದರಲ್ಲಿ ಆಟಗಾರರು ಸ್ವಂತ ಹೆಸರಿನಲ್ಲಿ ಆಡುವಂತಿಲ್ಲ. ಇತಿಹಾಸದ ಯಾವುದೋ ರಾಜನ, ಸೇನಾಪತಿಯ ಹೆಸರು ಹಾಕಿಕೊಂಡು ಆಡಬೇಕು. ವೇಷದ ಒಳಗಿರುವುದು ಯಾರು ಎಂದು ಆಟದ ಶೈಲಿ ನೋಡಿ ಊಹಿಸುವುದೇ ನೋಡುವವರ ಕೆಲಸ. ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದ ವೇಷಧಾರಿಯನ್ನು ಹೆಜ್ಜೆಯಲ್ಲೇ ಗುರುತಿಸುವ ಯಕ್ಷಗಾನದ ಊರಿನವರಿಗೆ ಇದರ ರುಚಿ ವಿವರಿಸಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ಉಪಾಯ ಇನ್ನೊಂದು. ಅವರೇ 'ಲೋ ಈಲೋ ಲೆಜೆಂಡ್ಸ್' ಎಂದು ತೀರಾ ಕೆಳಮಟ್ಟದ ಆಟಗಾರರ ಆಟವನ್ನೂ ಎತ್ತಿಕೊಂಡು ವಿವರಣೆ ಕೊಡತೊಡಗಿದರು. ಒಬ್ಬ ಮನೆ ಕಟ್ಟಲು ಮರೆತ, ಇನ್ನೊಬ್ಬ ಹಂದಿ ಹಿಡಿಯಲು ಹೋಗಿ ಹಳ್ಳಿಗನನ್ನೇ ಕಳಕೊಂಡ - ಇಂಥದ್ದೇ. ನೋಡಿದವರು ನಕ್ಕರು. ನಕ್ಕವರಿಗೆ "ಇಷ್ಟಾದರೆ ಕೈ ನೋಡಬಹುದಲ್ಲ" ಅನ್ನಿಸಿತು. ಪಂದ್ಯಾಟ ಬೆಳೆಯುವುದು ಹೀಗೆ. ಚಾಂಪಿಯನ್ನನ ಆಟ ನೋಡಿದವನಿಗೆ ಭಯ ಹುಟ್ಟುತ್ತದೆ, ತನ್ನಂಥವನ ಆಟ ನೋಡಿದವನಿಗೆ ಧೈರ್ಯ ಹುಟ್ಟುತ್ತದೆ.

ಇಷ್ಟೆಲ್ಲ ಆಗಿ, ನೋಡುಗರೇ ಕೈಯಿಂದ ಹಾಕಿ ಬಹುಮಾನದ ಹಣ ಕೂಡಿಸುವ ಅಭ್ಯಾಸ ಬೆಳೆದ ಮೇಲೆಯೇ ದೊಡ್ಡವರ ಕಣ್ಣು ಬಿದ್ದದ್ದು. 2020ರಲ್ಲಿ ಪಾನೀಯದ ಕಂಪೆನಿ ರೆಡ್ ಬುಲ್ 'ವೊಲೊಲೊ' ಎಂಬ ಪಂದ್ಯಾಟ ಆರಂಭಿಸಿತು. ವೊಲೊಲೊ ಎಂದರೆ ಮೊದಲ ಏಜ್ ಆಫ್ ಎಂಪೈರ್ಸ್‌ನಲ್ಲಿ ಎದುರಾಳಿಯ ಸೈನಿಕನನ್ನು ತನ್ನ ಕಡೆಗೆ ಸೆಳೆದುಕೊಳ್ಳುವಾಗ ಪುರೋಹಿತ ಹಾಡುವ ಮಂತ್ರ. 2022ರ ಅಕ್ಟೋಬರಿನಲ್ಲಿ ಅದೇ ಸರಣಿಯ ಪಂದ್ಯಾಟ ಜರ್ಮನಿಯ ಹೈಡೆಲ್‌ಬರ್ಗ್ ಕೋಟೆಯ ಒಳಗೇ ನಡೆಯಿತು. ಕೋಟೆ ಕಟ್ಟುವ ಆಟದ ಪಂದ್ಯಾಟ ನಿಜವಾದ ಕೋಟೆಯಲ್ಲಿ! ಬೇಕಲದ ಕೋಟೆ ನೋಡಿ ಬೆಳೆದವರಿಗೆ ಈ ಸುದ್ದಿ ಓದಿದರೆ ಏನೋ ಒಂದು ಅನ್ನಿಸದೆ ಇರದು. ಆದರೆ ಕಮಿಟಿಯವರು ಕೋಟೆಯಿಂದ ಶುರು ಮಾಡುವುದು ಬೇಡ. ಅವರು ಮುಟ್ಟಿದ್ದು ಇಪ್ಪತ್ತಮೂರನೆಯ ವರ್ಷಕ್ಕೆ.

ತೂಕ ನೋಡಿ ತಂಡ

ಹಳೆ ಆಟದ ಪಂದ್ಯಾಟಕ್ಕೆ ಅಂಟಿಕೊಳ್ಳುವ ದೊಡ್ಡ ರೋಗ ಒಂದು ಉಂಟು. ಇಪ್ಪತ್ತು ವರ್ಷದಿಂದ ಆಡುತ್ತಿರುವವನ ಎದುರು ನಿನ್ನೆ ಕಲಿತವನು ಕೂತರೆ ಹತ್ತೇ ನಿಮಿಷಕ್ಕೆ ಚಪ್ಪಾಳೆ. ಸೋತವನು ಮುಂದಿನ ಸಲ ಬರುವುದಿಲ್ಲ. ಎರಡು ಪಂದ್ಯಾಟ ಕಳೆಯುವಷ್ಟರಲ್ಲಿ ಆ ನಾಲ್ಕು ಹುಲಿಗಳು ಮಾತ್ರ ಉಳಿಯುತ್ತವೆ. ಅವರಿಗೆ ತಮ್ಮತಮ್ಮೊಳಗೆ ಆಡಿ ಬೇಸರ ಬಂದರೆ ಅಲ್ಲಿಗೆ ಬಂದ್.

ಇದಕ್ಕೆ ಮದ್ದು ಈ ಮಣ್ಣಿನಲ್ಲೇ ಉಂಟು. ಕರಾವಳಿಯಲ್ಲಿ 55 ಕೆ.ಜಿ., 60 ಕೆ.ಜಿ. ಎಂದು ತೂಕ ನೋಡಿ ಕಬಡ್ಡಿ ಆಡಿಸುವುದು ಯಾಕೆ? ಸಣ್ಣ ಹುಡುಗನಿಗೂ ಅಂಗಳ ಸಿಗಲಿ ಎಂದೇ ಅಲ್ವಾ? ಕಂಪ್ಯೂಟರ್ ಆಟದಲ್ಲಿ ತೂಕದ ಯಂತ್ರದ ಬದಲು ಈಲೋ ಅಂಕ. ಚೆಸ್ ಆಡುವವರಿಗೆ ಪರಿಚಯವಿದ್ದದ್ದೇ, ಆರ್ಪಾಡ್ ಈಲೋ ಎಂಬ ಪ್ರಾಧ್ಯಾಪಕರು ಮಾಡಿದ ಲೆಕ್ಕ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ, ಬಲಿಷ್ಠನನ್ನು ಗೆದ್ದರೆ ಜಾಸ್ತಿ ಏರುತ್ತದೆ. ಏಜ್ ಆಫ್ ಎಂಪೈರ್ಸ್ ಕೂಟಗಳಲ್ಲಿ ಇಂತಿಷ್ಟು ಅಂಕದ ಒಳಗಿನವರಿಗೆ ಮಾತ್ರ ಎಂದು ಬೇರೆಬೇರೆ ಪಂದ್ಯಾಟಗಳೇ ನಡೆಯುತ್ತವೆ. ಊರಿನಲ್ಲಿ ಅಷ್ಟು ಮಂದಿ ಇಲ್ಲದಿದ್ದರೆ ಹಿರಿಯ, ಕಿರಿಯ ಎಂದು ಎರಡೇ ವಿಭಾಗ ಸಾಕು. ಕಂಬಳದಲ್ಲಿ ಕೋಣಗಳಿಗೆ ಇರುವ ಮರ್ಯಾದೆ ಮಕ್ಕಳಿಗೂ ಇರಲಿ.

ಎರಡನೆಯದು, ಸೋತವನನ್ನು ಮನೆಗೆ ಕಳುಹಿಸುವ ಪದ್ಧತಿ. ಹದಿನಾರು ಜನ ಬಂದರೆ ನಾಕೌಟಿನಲ್ಲಿ ಎಂಟು ಜನ ಒಂದೇ ಆಟ ಆಡಿ ಬಸ್ಸು ಹತ್ತುತ್ತಾರೆ. ದೂರದ ಊರಿನಿಂದ ಬಂದವನಿಗೆ ಇದು ಚಹಾಕ್ಕೂ ಸಾಲದ ಸುಖ. ಅದರ ಬದಲು ಚೆಸ್ಸಿನ ಸ್ವಿಸ್ ಪದ್ಧತಿ ಹಿಡಿದರೆ ಎಲ್ಲರಿಗೂ ನಾಲ್ಕು ಸುತ್ತು. ಹದಿನಾರು ಜನಕ್ಕೆ ಒಟ್ಟು 32 ಆಟ. ಎಂಟು ಕಂಪ್ಯೂಟರ್ ಇದ್ದರೆ ಒಂದು ಹೊತ್ತಿಗೆ ನಾಲ್ಕು ಆಟ ಮುಗಿಯುತ್ತದೆ. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಆರು ಗಂಟೆಯ ಕೆಲಸ. ಭಾನುವಾರ ಬೆಳಿಗ್ಗೆ 9ಕ್ಕೆ ಶುರು ಮಾಡಿದರೆ ಊಟ, ತಕರಾರು ಎಲ್ಲ ಸೇರಿ ಸಂಜೆ 5ಕ್ಕೆ ಮುಗಿದೀತು. ಮುಂದಿನ ತಿಂಗಳು ಅದೇ ಭಾನುವಾರ, ಅದೇ ಜಾಗ. ದಿನ ಬದಲಾಯಿಸಬಾರದು. ವರ್ಷಕ್ಕೊಂದು ಭರ್ಜರಿ ಪಂದ್ಯಾಟಕ್ಕಿಂತ ತಿಂಗಳಿಗೊಂದು ಸಪ್ಪೆ ಪಂದ್ಯಾಟ ಮೇಲು.

ತಕರಾರು ಎಂದಾಗ ನೆನಪಿಗೆ ಬರುವುದು ನಿಯಮಗಳು. ಈ ಆಟದಲ್ಲಿ ನಲವತ್ತಕ್ಕೂ ಹೆಚ್ಚು ನಾಗರಿಕತೆಗಳು ಉಂಟು, ಎಲ್ಲವೂ ಸಮಬಲವಲ್ಲ. ಹಾಗಾಗಿ ಆಟಕ್ಕೆ ಮೊದಲು ಇಬ್ಬರೂ ಸರದಿಯಲ್ಲಿ "ಇದು ಬೇಡ, ಅದು ನನಗೆ" ಎಂದು ಆರಿಸುವ ಕ್ರಮವಿದೆ. ಅದಕ್ಕೆ ಬೇಕಾದ ಸಾಧನವನ್ನೂ ಅಭಿಮಾನಿಗಳೇ ಮಾಡಿಟ್ಟಿದ್ದಾರೆ. ನಕ್ಷೆಗಳನ್ನೂ ಪಂದ್ಯಾಟದವರೇ ಬರೆಯಬಹುದು. ಒಂದು ಸಾದಾ ಪಠ್ಯದ ಕಡತದಲ್ಲಿ ಕಾಡು ಎಲ್ಲಿ, ಚಿನ್ನ ಎಲ್ಲಿ ಎಂದು ಹೇಳಿಟ್ಟರೆ ಪ್ರತಿ ಸಲವೂ ಹೊಸ ಭೂಮಿ ಹುಟ್ಟುತ್ತದೆ. ಇಲ್ಲಿಯ ಹುಡುಗರಿಗೆ ಮಾಡ್ ಮಾಡಲು ಇದೇ ಮೊದಲ ಮೆಟ್ಟಿಲು. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವೆ ಹೊಳೆಗಳು - ಕಾಸರಗೋಡಿನದ್ದೇ ಒಂದು ನಕ್ಷೆ ಬರೆದು ಅದರ ಮೇಲೆ ಫೈನಲ್ ಆಡಿಸಬಹುದು. ಎಲ್ಲದಕ್ಕಿಂತ ಒಳ್ಳೆಯದೆಂದರೆ ಆಟವೆಲ್ಲ ತಾನಾಗಿ ದಾಖಲಾಗುತ್ತದೆ. ಅದು ವಿಡಿಯೋ ಅಲ್ಲ, ಕೊಟ್ಟ ಆಜ್ಞೆಗಳ ಪಟ್ಟಿ ಮಾತ್ರ, ಹಾಗಾಗಿ ಕಡತವೂ ಚಿಕ್ಕದು. ಯಾರು ಮೋಸ ಮಾಡಿದ್ದು ಎಂದು ಗಲಾಟೆಯಾದರೆ ಮತ್ತೆ ಓಡಿಸಿ ನೋಡಿದರಾಯಿತು. ಕಬಡ್ಡಿಯ ರೆಫ್ರಿಗಳಿಗೆ ಈ ಭಾಗ್ಯ ಇಲ್ಲ.

ಕರೆಂಟ್ ಹೋದರೆ? ಜೂನ್ ತಿಂಗಳಲ್ಲಿ ಈ ಪ್ರಶ್ನೆ ಕೇಳದವನು ಈ ಊರಿನವನೇ ಅಲ್ಲ. ನಡುವೆ ನಿಂತ ಆಟವನ್ನು ಉಳಿಸಿಕೊಂಡು ಅಲ್ಲಿಂದಲೇ ಮುಂದುವರಿಸುವ ಸೌಕರ್ಯ ಆಟದಲ್ಲಿ ಉಂಟು. ಯಾವಾಗ ಮುಂದುವರಿಸುವುದು, ಯಾವಾಗ ಹೊಸತಾಗಿ ಆಡಿಸುವುದು ಎಂಬುದನ್ನು ಮಾತ್ರ ಮೊದಲೇ ಬರೆದು ಗೋಡೆಗೆ ಅಂಟಿಸಬೇಕು. ಸೋಲುತ್ತಿರುವವನಿಗೆ ಕರೆಂಟ್ ಹೋದದ್ದು ದೇವರ ದಯೆ ಅನ್ನಿಸುವುದು ಸಹಜ.

ದುಡ್ಡಿನ ಹತ್ತಿರ ಜಾಗ್ರತೆ

ಈಗ ಬಹುಮಾನದ ಪ್ರಶ್ನೆಗೆ ಬರುವ. ಕ್ಲಬ್ಬುಗಳಿಗೆ ಗೊತ್ತಿರುವ ದಾರಿ ಒಂದೇ. ಪ್ರವೇಶ ಶುಲ್ಕ ಕೂಡಿಸುವುದು, ಅದನ್ನೇ ಬಹುಮಾನವಾಗಿ ಹಂಚುವುದು. ಕಬಡ್ಡಿಗೆ ಅದು ನಡೆದೀತು. ಕಂಪ್ಯೂಟರ್ ಆಟಕ್ಕೆ ಬಂದಾಗ ನಿಂತು ಯೋಚಿಸಬೇಕು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಬಗ್ಗೆ ಒಂದು ಕಾಯ್ದೆ ಮಾಡಿತು. ಗೆದ್ದರೆ ಹಣ ಸಿಗುತ್ತದೆಂಬ ಆಸೆಯಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ, ಚಾತುರ್ಯದ ಆಟವೆಂದು ಹೇಳಿಕೊಂಡರೂ ರಿಯಾಯಿತಿ ಇಲ್ಲ. ಇ-ಸ್ಪೋರ್ಟ್ಸ್‌ಗೆ ಮಾತ್ರ ಬೇರೆ ಸ್ಥಾನ ಕೊಟ್ಟಿದೆ. ಸ್ಪರ್ಧೆಗೆ ಸೇರಲು, ನಡೆಸುವ ಖರ್ಚಿಗೆ ಎಂದು ಶುಲ್ಕ ಪಡೆಯಬಹುದು, ಗೆದ್ದವರಿಗೆ ಬಹುಮಾನವನ್ನೂ ಕೊಡಬಹುದು. ಆದರೆ ಆ ಸ್ಥಾನ ಸಿಗಬೇಕಾದರೆ ಮಾನ್ಯತೆ, ನೋಂದಣಿ ಎಂಬ ಮೆಟ್ಟಿಲುಗಳು ಉಂಟು. ಊರಿನ ಕ್ಲಬ್ಬೊಂದು ಆ ಮೆಟ್ಟಿಲು ಹತ್ತುವುದು ಅಷ್ಟು ಸುಲಭವಲ್ಲ.

ಹಾಗಾಗಿ ಶುಲ್ಕ ಕೂಡಿಸಿ ಬಹುಮಾನ ಹಂಚುವ ಕೆಲಸಕ್ಕೆ ಕೈ ಹಾಕದಿರುವುದೇ ಕ್ಷೇಮ. ಶುಲ್ಕ ಬೇಡ, ಊಟಕ್ಕೆ ಪ್ರಾಯೋಜಕರು ಸಾಕು. ಗೆದ್ದವನಿಗೆ ಒಂದು ಟ್ರೋಫಿ, ಹೆಚ್ಚೆಂದರೆ ಅಡಿಕೆ ವ್ಯಾಪಾರಿಯೊಬ್ಬರು ಕೊಟ್ಟ ಕೀಬೋರ್ಡು, ಮೌಸು. ಪಕ್ಕದಲ್ಲಿ ನಿಂತವರು ಬಾಜಿ ಕಟ್ಟುವ ಚಾಳಿಯನ್ನು ಮೊದಲ ದಿನವೇ ಚಿವುಟಬೇಕು. ಕಾನೂನು ತಿಳಿದವರಲ್ಲಿ ಒಂದು ಮಾತು ಕೇಳಿಕೊಂಡರೆ ಇನ್ನೂ ಒಳ್ಳೆಯದು. ಇದರಲ್ಲಿ ನಷ್ಟವೇನೂ ಇಲ್ಲ. ದುಡ್ಡಿಗಾಗಿ ಬಂದವನು ದುಡ್ಡು ನಿಂತ ದಿನ ಹೋಗುತ್ತಾನೆ, ಆಟಕ್ಕೆ ಬಂದವನು ಚಹಾ ತಣ್ಣಗಿದ್ದರೂ ಬರುತ್ತಾನೆ.

ಕಳ್ಳ ಪ್ರತಿಯ ಮಾತೂ ಇಲ್ಲಿಯೇ ಹೇಳಬೇಕು. ಹಾಸ್ಟೆಲಿನ ಕೋಣೆಯಲ್ಲಿ ನಡೆದದ್ದು ಬ್ಯಾನರ್ ಹಾಕಿದ ಸಾರ್ವಜನಿಕ ಸಭಾಂಗಣದಲ್ಲಿ ನಡೆಯದು. ಆಟದ ಮಾಲೀಕರು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಮೈಕ್ರೋಸಾಫ್ಟ್ ಹವ್ಯಾಸಿಗಳ ಮಾಡ್ ಅನ್ನು ತನ್ನದೇ ಮಾಡಿಕೊಂಡಿತು ನಿಜ. ಆದರೆ 2020ರ ನವೆಂಬರಿನಲ್ಲಿ ನಿಂಟೆಂಡೊ ಮಾಡಿದ್ದು ಬೇರೆ. 2001ರ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ' ಎಂಬ ಹಳೆ ಆಟವನ್ನು ಅಭಿಮಾನಿಗಳು ಮಾಡಿದ 'ಸ್ಲಿಪ್ಪಿ' ಎಂಬ ಮಾಡ್ ಮೂಲಕ ಆನ್‌ಲೈನಿನಲ್ಲಿ ಆಡಿಸಲು ಹೊರಟಿದ್ದ 'ದಿ ಬಿಗ್ ಹೌಸ್' ಪಂದ್ಯಾಟಕ್ಕೆ ನೋಟಿಸು ಕಳುಹಿಸಿ ಅದನ್ನೇ ನಿಲ್ಲಿಸಿತು. ಕೊರೊನಾ ಕಾಲ, ಒಂದೆಡೆ ಸೇರುವಂತಿಲ್ಲ, ಬೇರೆ ದಾರಿಯೂ ಇರಲಿಲ್ಲ. ಎಷ್ಟು ಪ್ರೀತಿಯಿಂದ ಕಟ್ಟಿದರೂ ಜಾಗ ಇನ್ನೊಬ್ಬರದ್ದು ಎಂಬ ಎಚ್ಚರ ಇರಲೇಬೇಕು.

ಕೊಂಡುಕೊಳ್ಳಲು ಕಷ್ಟ ಎನ್ನುವವರಿಗೆ ಇನ್ನೊಂದು ಬಾಗಿಲು ತೆರೆದೇ ಇದೆ. '0 ಎ.ಡಿ.' ಎಂಬ ಆಟ 2001ರಲ್ಲಿ ಇದೇ ಏಜ್ ಆಫ್ ಎಂಪೈರ್ಸ್ 2ಕ್ಕೆ ಒಂದು ಮಾಡ್ ಆಗಿ ಯೋಚನೆಗೆ ಬಂದದ್ದು. ಆಮೇಲೆ ಸ್ವಂತ ಕಾಲ ಮೇಲೆ ನಿಂತಿತು, 2009ರಲ್ಲಿ ಮುಕ್ತ ತಂತ್ರಾಂಶವಾಯಿತು. ಒಂದು ಪೈಸೆ ಇಲ್ಲ, ಲಿನಕ್ಸಿನಲ್ಲೂ ಓಡುತ್ತದೆ, ಮೌರ್ಯರೂ ಇದ್ದಾರೆ. ಕೇರಳದ ಶಾಲೆಗಳಲ್ಲಿ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿತ ಮಕ್ಕಳಿಗೆ ಅದೇನೂ ಅಪರಿಚಿತ ಲೋಕವಲ್ಲ. ನೋಡುಗರ ಸೆಳೆತದಲ್ಲಿ ಅದು ಹಳೆ ಆಟಕ್ಕೆ ಸಮ ಅಲ್ಲ ಎಂಬುದನ್ನು ಒಪ್ಪಬೇಕು. ಆದರೂ ಕಳ್ಳ ಪ್ರತಿಗಿಂತ ಲೇಸು.

ಮನೆಯ ಹಿರಿಯರ ಆಕ್ಷೇಪ ಇದ್ದೇ ಇರುತ್ತದೆ: "ಈಗಲೇ ಮೊಬೈಲ್ ಬಿಡುವುದಿಲ್ಲ, ಇನ್ನು ಕ್ಲಬ್ಬಿನಲ್ಲೂ ಇದೇ ಆದರೆ ಮುಗಿಯಿತು ಮಾರಾಯ್ರೆ." ಈ ಮಾತನ್ನು ತಳ್ಳಿ ಹಾಕುವ ಹಾಗಿಲ್ಲ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ರೋಗಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಚಟ ಬೆಳೆಯುವುದು ಕದ ಹಾಕಿದ ಕೋಣೆಯಲ್ಲಿ, ನಡುರಾತ್ರಿ, ಯಾರೆಂದು ಗೊತ್ತಿಲ್ಲದವರ ಜೊತೆ. ತಿಂಗಳಿಗೊಂದು ಭಾನುವಾರ, ಹಗಲು ಹೊತ್ತು, ಹತ್ತು ಜನ ನೋಡುವಾಗ, 5 ಗಂಟೆಗೆ ಸ್ವಿಚ್ ತೆಗೆಯುವ ಜಾಗದಲ್ಲಿ ಆಡುವುದು ಬೇರೆ. ಸೋತರೆ ಎದುರಾಳಿಯ ಮುಖ ನೋಡಬೇಕು, ಕೈ ಕುಲುಕಬೇಕು, ಅವನ ಜೊತೆಗೇ ಊಟಕ್ಕೆ ಕೂರಬೇಕು. ಮನೆಯವರೂ ಬಂದು ಕೂತು ನೋಡಲಿ, ಹೆಣ್ಣುಮಕ್ಕಳೂ ಬಂದು ಆಡಲಿ. ರಾತ್ರಿ ಹನ್ನೊಂದರ ಪಂದ್ಯಾಟಕ್ಕೆ ಅವರು ಬರಲಾರರು, ಹಗಲಿನದ್ದಕ್ಕೆ ಬರಬಹುದು.

ಸರಕಾರದ ಕಡೆಯಿಂದಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರವು ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕವೂ ಇತ್ತು. ಅಲ್ಲಿಗೆ ಹೋಗುವ ಆಟಗಳು ಬೇರೆ, ಅದಕ್ಕೆ ಊರಿನ ಕ್ಲಬ್ಬು ಕಾಯಬೇಕಾಗಿಯೂ ಇಲ್ಲ.

ಇನ್ನು ಉಳಿದದ್ದು ವೀಕ್ಷಕ ವಿವರಣೆ. ಒಂಬತ್ತನೆಯ ಕಂಪ್ಯೂಟರ್, ಒಂದು ಪ್ರೊಜೆಕ್ಟರ್, ಒಂದು ಮೈಕ್. ಆಟ ನೋಡಿಸಲು ಅಭಿಮಾನಿಗಳೇ ತಯಾರಿಸಿದ 'ಕ್ಯಾಪ್ಚರ್‌ಏಜ್' ಎಂಬ ಸಾಧನವೂ ಉಂಟು, ಯಾರ ಕೈಯಲ್ಲಿ ಎಷ್ಟು ಹಳ್ಳಿಗರು, ಎಷ್ಟು ಚಿನ್ನ ಎಂದು ಪರದೆಯಲ್ಲೇ ತೋರಿಸುತ್ತದೆ. ಮಾತುಗಾರರಿಗೆ ಈ ಜಿಲ್ಲೆಯಲ್ಲಿ ಯಾವ ಕಾಲಕ್ಕೂ ಬರ ಬಂದದ್ದಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವವರಿರುವಾಗ, ಒಬ್ಬ ಹಳ್ಳಿಗ ಕುರಿ ಅಟ್ಟಿಕೊಂಡು ಬರುವುದಕ್ಕೆ ನಾಲ್ಕು ಮಾತು ಸಿಗದೇ? ಕಬಡ್ಡಿ ಅಂಗಳದಲ್ಲಿ ಕನ್ನಡ, ತುಳು, ಮಲಯಾಳ ಮೂರನ್ನೂ ಒಂದೇ ಉಸಿರಿಗೆ ಹೇಳುವ ಹುಡುಗರು ಪ್ರತಿ ಕ್ಲಬ್ಬಿನಲ್ಲೂ ಇದ್ದಾರೆ. ಅವರಿಗೆ ಆಟ ಕಲಿಸಲು ಎರಡು ವಾರ ಬೇಕು, ಮಾತು ಕಲಿಸಬೇಕಾಗಿಲ್ಲ. ಕಮಿಟಿಯವರು ಮೊದಲು ಹುಡುಕಬೇಕಾದದ್ದು ಪ್ರಾಯೋಜಕರನ್ನಲ್ಲ, ಅಂಥ ಒಬ್ಬನನ್ನು.